ಹಳೆ ಅಮೆರಿಕನ್ ಕಾರುಗಳ ಓವರ್‌ಡ್ರೈವ್: ಗುರುತು ಹಿಡಿಯುವುದು, ಅದಲುಬದಲು ಮಾಡುವುದು – ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿ ಹೇಳಿರುವುದರಲ್ಲಿ ಬಹುಪಾಲು ಬೋರ್ಗ್-ವಾರ್ನರ್ ಕಂಪನಿಯ ಓವರ್‌ಡ್ರೈವ್ ಬಗ್ಗೆ. 1930ರ ದಶಕದಿಂದ 1960ರ ದಶಕದವರೆಗೆ ಅಮೆರಿಕದ ಕಾರುಗಳಲ್ಲಿ ಮೂರು ಗೇರಿನ ಡಬ್ಬದ ಹಿಂದೆ ಕೂತಿರುತ್ತಿದ್ದದ್ದು ಹೆಚ್ಚಾಗಿ ಅದೇ. ಸ್ಟೂಡ್‌ಬೇಕರ್ ಇರಲಿ, ಫೋರ್ಡ್ ಇರಲಿ, ಷೆವ್ರೊಲೆ ಇರಲಿ, ಹೊರಗಿನ ಹೆಸರು ಬೇರೆ, ಒಳಗಿನ ಕೆಲಸ ಒಂದೇ. ಹಾಗಾದರೆ ಯಾವುದನ್ನು ಬೇಕಾದರೂ ಯಾವುದಕ್ಕೆ ಬೇಕಾದರೂ ಹಾಕಬಹುದು ಅಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಇಲ್ಲ, ಹಾಕಲಾಗದು. ಯಾಕೆ ಅನ್ನುವುದಕ್ಕೇ ಈ ಪುಟ.

ಓವರ್‌ಡ್ರೈವ್ ಅಂದರೆ ನಾಲ್ಕನೇ ಗೇರಾ?

ಅಲ್ಲ. ಗೇರ್‌ಬಾಕ್ಸಿನ ಹಿಂದೆ ಜೋಡಿಸಿದ ಇನ್ನೊಂದು ಪುಟ್ಟ ಗೇರ್‌ಬಾಕ್ಸ್ ಅದು. ಮುಂದಿನ ಡಬ್ಬದಲ್ಲಿ ರಿವರ್ಸ್ ಬಿಟ್ಟು ಯಾವ ಗೇರ್ ಇದ್ದರೂ ಇದು ತನ್ನ ಕೆಲಸ ಮಾಡುತ್ತದೆ. ಅನುಪಾತ ಹೆಚ್ಚಾಗಿ 0.70. ಅಂದರೆ ಗಾಡಿಯ ವೇಗ ಅಷ್ಟೇ ಇದ್ದು, ಎಂಜಿನ್ ಸುತ್ತುವುದು 30 ಶೇಕಡಾ ಕಡಿಮೆಯಾಗುತ್ತದೆ.

ಒಳಗೆ ಇರುವುದು ಪ್ಲಾನೆಟರಿ ಗೇರ್. ನಡುವೆ ಸನ್ ಗೇರ್, ಅದರ ಸುತ್ತ ಪುಟ್ಟ ಪ್ಲಾನೆಟ್ ಗೇರ್‌ಗಳು, ಹೊರಗೆ ಬಳೆಯಂಥ ರಿಂಗ್ ಗೇರ್. ಗೇರ್‌ಬಾಕ್ಸಿನಿಂದ ಬರುವ ಶಾಫ್ಟ್ ಪ್ಲಾನೆಟ್‌ಗಳನ್ನು ಹಿಡಿದಿರುವ ಕ್ಯಾರಿಯರನ್ನು ತಿರುಗಿಸುತ್ತದೆ. ಚಕ್ರದ ಕಡೆ ಹೋಗುವ ಶಾಫ್ಟ್ ರಿಂಗ್ ಗೇರಿಗೆ ಅಂಟಿದೆ. ಸನ್ ಗೇರ್ ಸುಮ್ಮನೆ ತಿರುಗಲು ಬಿಟ್ಟರೆ ಎಲ್ಲಾ ಒಟ್ಟಿಗೆ ಸುತ್ತುತ್ತದೆ. ಅದನ್ನು ಅಲುಗದಂತೆ ಹಿಡಿದರೆ ರಿಂಗ್ ಗೇರ್ ಕ್ಯಾರಿಯರ್‌ಗಿಂತ ಜೋರಾಗಿ ಓಡುತ್ತದೆ. ಹಾಗೆ ಹಿಡಿಯುವ ಕೆಲಸ 'ಪಾಲ್' ಅನ್ನುವ ಒಂದು ಉಕ್ಕಿನ ನಾಲಿಗೆಯದು. ಅದನ್ನು ಒಳಗೆ ತಳ್ಳುವುದು ಸೊಲೆನಾಯ್ಡ್, ಅಂದರೆ ಕರೆಂಟ್ ಕೊಟ್ಟಾಗ ಒಂದು ದಂಡವನ್ನು ಸರಿಸುವ ವಿದ್ಯುತ್ ಸುರುಳಿ. ಯಾವಾಗ ತಳ್ಳಬೇಕು ಅನ್ನುವುದನ್ನು ಹೇಳುವುದು ಗವರ್ನರ್, ಅಂದರೆ ಗಾಡಿಯ ವೇಗ ನೋಡಿ ಕೆಲಸ ಮಾಡುವ ಸ್ವಿಚ್.

ಇದರ ಜೊತೆಗೆ ರೋಲರ್‌ಗಳಿರುವ ಒಂದು ಫ್ರೀವೀಲ್ ಇದೆ. ಸೈಕಲ್ಲಿನದ್ದೇ ರೀತಿ: ಪೆಡಲ್ ನಿಲ್ಲಿಸಿದರೂ ಚಕ್ರ ಓಡುತ್ತಲೇ ಇರುತ್ತದೆ. ಈ ಫ್ರೀವೀಲ್ ಅರ್ಥವಾದರೆ ಮುಂದಿನ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಹಾಗೇ.

ನನ್ನ ಕಾರಿನಲ್ಲಿ ಓವರ್‌ಡ್ರೈವ್ ಇದೆಯಾ ಅಂತ ಹೇಗೆ ತಿಳಿಯುವುದು?

ಮೊದಲು ಡ್ಯಾಶ್‌ಬೋರ್ಡಿನ ಕೆಳಗೆ ನೋಡಿ. ಕೇಬಲ್ಲಿಗೆ ಕಟ್ಟಿದ, ಎಳೆದು ತಳ್ಳುವ ಒಂದು ಹಿಡಿ ಇರುತ್ತದೆ. ಒಳಗೆ ತಳ್ಳಿದರೆ ಓವರ್‌ಡ್ರೈವ್ ಸಿದ್ಧ. ಹೊರಗೆ ಎಳೆದರೆ ಬಂದ್.

ಆದರೆ ಹಿಡಿಯನ್ನೇ ನಂಬಬೇಡಿ. ಗೇರ್‌ಬಾಕ್ಸ್ ಹಾಳಾಗಿ ಯಾರೋ ಸಾದಾ ಡಬ್ಬ ಹಾಕಿ, ಹಿಡಿಯನ್ನು ಅಲ್ಲೇ ಬಿಟ್ಟಿರುವುದು ಎಷ್ಟೋ ಕಾರುಗಳಲ್ಲಿ ಇದೆ. ಗಾಡಿಯ ಕೆಳಗೆ ತೂರಿ ಗೇರ್‌ಬಾಕ್ಸಿನ ಬಾಲ ನೋಡಿ. ಓವರ್‌ಡ್ರೈವ್ ಇದ್ದರೆ ಬಾಲ ಉದ್ದ. ಅದರ ಪಕ್ಕಕ್ಕೆ ಡಬ್ಬಿಯಂಥ ಸೊಲೆನಾಯ್ಡ್ ಎರಡು ಬೋಲ್ಟಿನಲ್ಲಿ ಕೂತಿರುತ್ತದೆ. ಅದಕ್ಕಿಂತ ಹಿಂದೆ, ದೊಡ್ಡ ಸ್ಪಾನರ್ ಹಿಡಿಯುವ ಷಟ್ಕೋನದ ಬುಡವಿರುವ ಗವರ್ನರ್, ಅದರ ತುದಿಯಿಂದ ಒಂದು ವೈರ್. ಪಕ್ಕದಲ್ಲಿ ಕೇಬಲ್ ಬಂದು ಸೇರುವ ಸಣ್ಣ ಲಿವರ್. ಈ ಮೂರೂ ಕಂಡರೆ ಅನುಮಾನವೇ ಬೇಡ.

ಸೊಲೆನಾಯ್ಡ್ ಇಲ್ಲದ ಓವರ್‌ಡ್ರೈವ್ ಕೂಡ ಇದೆ. 1934ರಲ್ಲಿ ಕ್ರೈಸ್ಲರ್ ಮತ್ತು ಡಿಸೋಟೊ ಏರ್‌ಫ್ಲೋ ಕಾರುಗಳಲ್ಲಿ ಬಂದ ಮೊದಮೊದಲಿನವು ಪೂರ್ತಿ ಯಾಂತ್ರಿಕ. ವೇಗ ಹೆಚ್ಚಾದಾಗ ಒಳಗಿನ ನಾಲಿಗೆಗಳು ತಾವೇ ಹೊರಕ್ಕೆ ಚಿಮ್ಮಿ ಹಿಡಿಯುತ್ತಿದ್ದವು. ಅವುಗಳ ಬಿಡಿಭಾಗ ನಂತರದವುಗಳಿಗೆ ಹೊಂದುವುದಿಲ್ಲ. ಅಂಥದ್ದು ನಿಮ್ಮ ಹತ್ತಿರ ಇದ್ದರೆ ಅದನ್ನು ಹಾಗೇ ಉಳಿಸಿಕೊಳ್ಳುವ ದಾರಿ ನೋಡಿ.

ಆರ್-10 ಮತ್ತು ಆರ್-11: ವ್ಯತ್ಯಾಸ ಏನು?

ಎಲೆಕ್ಟ್ರಿಕ್ ಓವರ್‌ಡ್ರೈವ್‌ಗಳಲ್ಲಿ ಈ ಎರಡು ಹೆಸರು ಜಾಸ್ತಿ ಕೇಳಿಬರುತ್ತವೆ. ಆರ್-10 ಹಗುರ, ಆರ್-11 ಗಟ್ಟಿ. ಆರ್-10ರ ಒಳಗೆ ಮೂರು ಪ್ಲಾನೆಟ್ ಗೇರ್, ಆರ್-11ರಲ್ಲಿ ನಾಲ್ಕು. ಸಣ್ಣ ಮತ್ತು ಮಧ್ಯಮ ಎಂಜಿನ್ನಿಗೆ ಮೊದಲನೆಯದು ಸಾಕು. ದೊಡ್ಡ ವಿ-8ಗಳಿಗೆ ಎರಡನೆಯದು ಬೇಕು. 1956ರ ಸ್ಟೂಡ್‌ಬೇಕರ್ ಗೋಲ್ಡನ್ ಹಾಕ್‌ಗೆ ಪ್ಯಾಕರ್ಡ್‌ನ 352 ಘನ ಇಂಚಿನ, 275 ಅಶ್ವಶಕ್ತಿಯ ಎಂಜಿನ್ ಹಾಕಿದಾಗ ಅದರ ಹಿಂದೆ ಆರ್-11 ಕೂರಿಸಿದ್ದು ಅದಕ್ಕೇ.

ಎರಡೂ ಅಕ್ಕಪಕ್ಕ ಇಟ್ಟರೆ ಆರ್-11 ದಪ್ಪ ಅನ್ನುವುದು ಕಣ್ಣಿಗೇ ಕಾಣುತ್ತದೆ. ಒಂದೇ ಇದ್ದಾಗ ಹೇಳುವುದು ಕಷ್ಟ. ತೆರೆದು ಪ್ಲಾನೆಟ್ ಎಣಿಸುವುದೇ ಸರಿಯಾದ ದಾರಿ. 'ಆರ್-11 ಇದು, ಖಂಡಿತ' ಅಂತ ಮಾರುವವರು ಹೇಳಿದರೆ ಪ್ಲಾನೆಟ್ ಎಣಿಸಿದ್ದೀರಾ ಅಂತ ಕೇಳಿ.

ಟಿ-96, ಟಿ-86, ಟಿ-85 ಅಂತೆಲ್ಲ ಹೇಳುತ್ತಾರಲ್ಲ, ಅವು ಯಾವು?

ಅವು ಮುಂದಿನ ಮೂರು ಗೇರಿನ ಡಬ್ಬದ ಹೆಸರು. ಆರ್ ಅಕ್ಷರದ್ದು ಹಿಂದಿನ ಓವರ್‌ಡ್ರೈವ್ ಭಾಗ, ಟಿ ಅಕ್ಷರದ್ದು ಮುಂದಿನ ಗೇರ್‌ಬಾಕ್ಸ್. ಟಿ-96 ಚಿಕ್ಕದು, ಸ್ಟೂಡ್‌ಬೇಕರ್ ಚಾಂಪಿಯನ್ ಥರದ ಆರು ಸಿಲಿಂಡರ್ ಕಾರುಗಳಿಗೆ. ಟಿ-86 ಮಧ್ಯಮ. ಟಿ-85 ದೊಡ್ಡದು, ಜೋರಿನ ವಿ-8ಗಳಿಗೆ. ಮೂರರಲ್ಲೂ ಮೊದಲ ಗೇರಿಗೆ ಸಿಂಕ್ರೊ (ಗೇರ್ ಸೇರುವ ಮೊದಲು ವೇಗ ಹೊಂದಿಸುವ ಭಾಗ) ಇಲ್ಲ. ಗಾಡಿ ಪೂರ್ತಿ ನಿಂತ ಮೇಲೇ ಮೊದಲ ಗೇರ್ ಹಾಕಿ.

ಗೇರ್‌ಬಾಕ್ಸ್ ಬೋಲ್ಟಿಗೆ ಸಿಕ್ಕಿಸಿದ ಒಂದು ಚಿಕ್ಕ ತಗಡಿನ ಚೀಟಿಯಲ್ಲಿ ಈ ಹೆಸರು, ಜೊತೆಗೆ ಒಂದೆರಡು ಅಕ್ಷರ, ಅಂಕಿ ಇರುತ್ತವೆ. ಆ ಚೀಟಿ ಉಳಿದಿದ್ದರೆ ನಿಮ್ಮ ಅದೃಷ್ಟ. ಇಲ್ಲದಿದ್ದರೆ ಡಬ್ಬದ ಮೇಲಿನ ಎರಕದ ಗುರುತು ನೋಡಬೇಕು. ತಂತಿ ಬ್ರಷ್ಷಿನಿಂದ ಗ್ರೀಸು, ಮಣ್ಣು ಎಲ್ಲ ಕೆರೆದು, ಟಾರ್ಚನ್ನು ಓರೆಯಾಗಿ ಹಿಡಿದರೆ ಅಕ್ಷರ ಎದ್ದು ಕಾಣುತ್ತವೆ. ಎರಕದ ಗುರುತು ಡಬ್ಬದ ಗುರುತು ಮಾತ್ರ. ಒಳಗಿನ ಗೇರುಗಳನ್ನು ಯಾರು ಯಾವಾಗ ಬದಲಿಸಿದರು ಅಂತ ಅದು ಹೇಳುವುದಿಲ್ಲ.

ಷೆವ್ರೊಲೆಯದ್ದು ಸ್ವಲ್ಪ ಬೇರೆ ಕಥೆ. ಅವರು 1955ರಲ್ಲಿ ಓವರ್‌ಡ್ರೈವ್ ಕೊಡಲು ಶುರು ಮಾಡಿದರು. ಮುಂದಿನ ಡಬ್ಬ ಅವರದ್ದೇ, ಹಿಂದಿನ ಓವರ್‌ಡ್ರೈವ್ ಮಾತ್ರ ಬೋರ್ಗ್-ವಾರ್ನರ್‌ನದು. ಹಾಗಾಗಿ ಅಲ್ಲಿ ಟಿ ಹೆಸರು ಹುಡುಕುವುದು ಬೇಡ.

ಬೆಂಚಿನ ಮೇಲೆ ಇಟ್ಟಿರುವ ಡಬ್ಬವನ್ನು ಬಿಚ್ಚದೆ ಪರೀಕ್ಷೆ ಮಾಡಬಹುದಾ?

ಮಾಡಬಹುದು. ದುಡ್ಡು ಕೊಡುವ ಮೊದಲು ಇದನ್ನು ಮಾಡಲೇಬೇಕು. ಬೇಕಾಗುವುದು ಒಂದು ಬ್ಯಾಟರಿ, ಎರಡು ವೈರ್, ಒಂದು ಸೀಮೆಸುಣ್ಣ.

ಡಬ್ಬವನ್ನು ಟಾಪ್ ಗೇರಿಗೆ ಹಾಕಿ. ಪಕ್ಕದ ಕೇಬಲ್ ಲಿವರನ್ನು ಓವರ್‌ಡ್ರೈವ್ ಕಡೆಗೆ ತಳ್ಳಿ. ಇನ್‌ಪುಟ್ ಶಾಫ್ಟನ್ನು ಅಲುಗದಂತೆ ಹಿಡಿದು, ಹಿಂದಿನ ಶಾಫ್ಟನ್ನು ಗಾಡಿ ಮುಂದಕ್ಕೆ ಹೋಗುವಾಗ ತಿರುಗುವ ದಿಕ್ಕಿಗೆ ತಿರುಗಿಸಿ. ಸಲೀಸಾಗಿ ತಿರುಗಬೇಕು. ಉಲ್ಟಾ ತಿರುಗಿಸಿದರೆ ಗಕ್ಕನೆ ಹಿಡಿಯಬೇಕು. ಇದು ಸರಿ ಇದ್ದರೆ ಫ್ರೀವೀಲ್ ಸರಿ. ಎರಡೂ ಕಡೆಗೆ ಜಾರಿದರೆ ರೋಲರ್ ಸವೆದಿವೆ. ಈಗ ಲಿವರನ್ನು ಬಂದ್ ಕಡೆಗೆ ಎಳೆಯಿರಿ. ಎರಡೂ ದಿಕ್ಕಿನಲ್ಲಿ ಬಿಗಿಯಾಗಿ ನಿಲ್ಲಬೇಕು.

ಮುಂದೆ ಸೊಲೆನಾಯ್ಡ್. ಲಿವರನ್ನು ಮತ್ತೆ ಓವರ್‌ಡ್ರೈವ್‌ಗೆ ತಂದು, ಸೊಲೆನಾಯ್ಡಿಗೆ ಸರಿಯಾದ ವೋಲ್ಟೇಜ್ ಕೊಡಿ. ಪಾಲ್ ಒಳಗೆ ಬೀಳಲಿಲ್ಲ ಅಂತ ಗಾಬರಿಯಾಗಬೇಡಿ. ಸನ್ ಗೇರಿನ ಪಕ್ಕ ಬಾಕ್ ರಿಂಗ್ ಅನ್ನುವ ಕಾವಲುಗಾರ ಇದ್ದಾನೆ. ಸನ್ ಗೇರ್ ತಿರುಗುವ ದಿಕ್ಕು ಬದಲಾಗುವವರೆಗೂ ಅವನು ಪಾಲನ್ನು ಒಳಗೆ ಬಿಡುವುದಿಲ್ಲ. ಇನ್‌ಪುಟ್ ಶಾಫ್ಟನ್ನು ಸ್ವಲ್ಪ ಹಿಂದೆ ಮುಂದೆ ಆಡಿಸಿ. 'ಟಕ್' ಅಂತ ಶಬ್ದ ಬರುತ್ತದೆ.

ಈಗ ಸೀಮೆಸುಣ್ಣದಲ್ಲಿ ಎರಡೂ ಶಾಫ್ಟಿಗೆ ಗುರುತು ಹಾಕಿ, ಇನ್‌ಪುಟ್ ಶಾಫ್ಟನ್ನು ಸರಿಯಾಗಿ ಏಳು ಸುತ್ತು ತಿರುಗಿಸಿ. ಹಿಂದಿನದು ಹತ್ತು ಸುತ್ತು ತಿರುಗಿ ಗುರುತು ಮೊದಲಿನ ಜಾಗಕ್ಕೇ ಬಂದರೆ ಅನುಪಾತ 0.70. ಗುರುತು ಕಾಲು ಸುತ್ತಿಗಿಂತ ತುಸು ಜಾಸ್ತಿ ಹಿಂದೆ ನಿಂತರೆ ಅದು 0.72ರದ್ದು. ಕೆಲವು ಆರ್-11ಗಳು ಹಾಗಿರುತ್ತವೆ. ಏಳಕ್ಕೆ ಏಳೇ ಸುತ್ತು ಬಂದರೆ ಪಾಲ್ ಹಿಡಿದಿಲ್ಲ ಅಂತ ಅರ್ಥ.

ಸಾದಾ ಮೂರು ಗೇರಿನ ಡಬ್ಬಕ್ಕೆ ಹಿಂದಿನಿಂದ ಓವರ್‌ಡ್ರೈವ್ ಮಾತ್ರ ಜೋಡಿಸಬಹುದಾ?

ಎಲ್ಲರಿಗೂ ಬರುವ ಆಸೆ ಇದು. ಆಗುವುದಿಲ್ಲ, ಅಥವಾ ಆಗುವಷ್ಟರಲ್ಲಿ ನೀವು ಇನ್ನೊಂದು ಡಬ್ಬ ಕೊಂಡಿರುತ್ತೀರಿ. ಓವರ್‌ಡ್ರೈವ್ ಇರುವ ಡಬ್ಬದ ಮೇನ್‌ಶಾಫ್ಟ್ ಉದ್ದ. ಅದು ಓವರ್‌ಡ್ರೈವ್ ಒಳಗೆ ತನಕ ಹೋಗಿ ಕ್ಯಾರಿಯರನ್ನು ಹಿಡಿಯಬೇಕು. ಸಾದಾ ಡಬ್ಬದ ಶಾಫ್ಟ್ ಅಲ್ಲಿಗೆ ಮುಟ್ಟುವುದೇ ಇಲ್ಲ. ನಡುವೆ ಅಡಾಪ್ಟರ್ ತಟ್ಟೆ ಬೇರೆ ಬೇಕು.

ಅದಕ್ಕಿಂತ ಮುಖ್ಯವಾದದ್ದು ರಿವರ್ಸ್. ರಿವರ್ಸ್ ಗೇರ್ ಹಾಕಿದಾಗ ಒಳಗಿನ ರೈಲ್ (ಗೇರ್ ಬದಲಿಸುವ ಸರಳು) ಹಿಂದಕ್ಕೆ ಸರಿದು ಫ್ರೀವೀಲನ್ನು ಲಾಕ್ ಮಾಡಬೇಕು. ಅದಕ್ಕೆ ತಕ್ಕ ವ್ಯವಸ್ಥೆ ಸಾದಾ ಡಬ್ಬದಲ್ಲಿ ಇಲ್ಲ. ಲಾಕ್ ಆಗದಿದ್ದರೆ ಫ್ರೀವೀಲ್ ಹಿಂದಕ್ಕೆ ಶಕ್ತಿ ದಾಟಿಸುವುದಿಲ್ಲ, ಗಾಡಿ ರಿವರ್ಸ್ ಹೋಗುವುದಿಲ್ಲ.

ಇಡೀ ಡಬ್ಬವನ್ನು, ಮುಂದಿನದ್ದೂ ಹಿಂದಿನದ್ದೂ ಸೇರಿಸಿ, ಒಂದೇ ಕಾರಿನಿಂದ ಬಿಚ್ಚಿದ್ದನ್ನೇ ಕೊಳ್ಳಿ. ಅರ್ಧರ್ಧ ಕೊಂಡವರು ಕೊನೆಗೆ ಎರಡು ಕೊಂಡಿರುತ್ತಾರೆ.

ಒಂದು ಕಂಪನಿಯ ಓವರ್‌ಡ್ರೈವ್ ಡಬ್ಬ ಇನ್ನೊಂದು ಕಂಪನಿಯ ಕಾರಿಗೆ ಕೂರುತ್ತದಾ?

ಟಿ-85 ಅನ್ನುವ ಹೆಸರು ಫೋರ್ಡಿನಲ್ಲೂ ಇದೆ, ಸ್ಟೂಡ್‌ಬೇಕರಿನಲ್ಲೂ ಇದೆ, ಪ್ಯಾಕರ್ಡಿನಲ್ಲೂ ಇದೆ. ಹೆಸರು ನೋಡಿ ಕೊಂಡರೆ ಕೆಟ್ಟಿರಿ. ಬೋರ್ಗ್-ವಾರ್ನರ್ ಒಂದೇ ಮೂಲ ವಿನ್ಯಾಸವನ್ನು ಗಿರಾಕಿ ಕೇಳಿದ ಹಾಗೆ ಮುಂದೆಯೂ ಹಿಂದೆಯೂ ಬದಲಿಸಿ ಕೊಡುತ್ತಿತ್ತು. ಹೊಟ್ಟೆ ಒಂದೇ, ತಲೆ ಬಾಲ ಬೇರೆ.

ತಲೆ ಕಡೆ ನೋಡಬೇಕಾದದ್ದು: ಕ್ಲಚ್ ಹೌಸಿಂಗಿಗೆ ಸೇರುವ ಬೋಲ್ಟುಗಳ ಜಾಗ, ಇನ್‌ಪುಟ್ ಶಾಫ್ಟಿನ ಉದ್ದ, ಅದರ ಸ್ಪ್ಲೈನ್ (ಶಾಫ್ಟಿನ ಮೇಲಿನ ಉದ್ದುದ್ದ ಹಲ್ಲು) ಎಷ್ಟು, ತುದಿಯ ದಪ್ಪ ಎಷ್ಟು. ತುದಿ ಎಂಜಿನ್ನಿನ ಪೈಲಟ್ ಬುಷ್ ಒಳಗೆ ಸರಿಯಾಗಿ ಕೂರಬೇಕು. ತುಸು ಉದ್ದವಾದರೆ ಬೋಲ್ಟ್ ಬಿಗಿಯುವಾಗ ಶಾಫ್ಟ್ ಎಂಜಿನ್ನಿಗೆ ಒತ್ತಿ ನಿಲ್ಲುತ್ತದೆ. ಬಲವಂತವಾಗಿ ಬಿಗಿದರೆ ಬೇರಿಂಗ್ ಹೋಗುತ್ತದೆ. ಬೋಲ್ಟಿನಿಂದ ಎಳೆದು ಕೂರಿಸುವ ಪರಿಸ್ಥಿತಿ ಬಂದರೆ ಅಲ್ಲೇ ನಿಲ್ಲಿಸಿ, ಅಳತೆ ತೆಗೆಯಿರಿ.

ಬಾಲದ ಕಡೆ ಇನ್ನೊಂದು ತೊಂದರೆ. ನ್ಯಾಷ್ ಮತ್ತು ರ‍್ಯಾಂಬ್ಲರ್ ಹೆಸರಿನ ಹಲವು ಕಾರುಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ದಂಡ) ಒಂದು ಕೊಳವೆಯೊಳಗೆ ಇರುತ್ತಿತ್ತು, ಅದಕ್ಕೆ ಟಾರ್ಕ್ ಟ್ಯೂಬ್ ಅಂತಾರೆ. ಅವುಗಳ ಓವರ್‌ಡ್ರೈವ್ ಬಾಲ ಆ ಕೊಳವೆಗೆ ಸೇರುವಂತೆ ಮಾಡಿದ್ದು. ಶಾಫ್ಟ್ ಹೊರಗೆ ಕಾಣುವ ಕಾರಿಗೆ ಅದು ಪ್ರಯೋಜನವಿಲ್ಲ. ಒಳಗಿನ ಭಾಗಗಳಿಗಾಗಿ ಕೊಳ್ಳುವುದಾದರೆ ಸರಿ. ಪ್ಲಾನೆಟ್ ಸೆಟ್, ರೋಲರ್, ಪಾಲ್ ಇಂಥವನ್ನು ಆರ್-10ನಿಂದ ಆರ್-10ಗೆ ಎಷ್ಟೋ ಸಲ ಬದಲಾಯಿಸಿಕೊಳ್ಳಬಹುದು, ಹಳೆಯದರ ಪಕ್ಕ ಇಟ್ಟು ಅಳೆದು ನೋಡಿದ ಮೇಲೆ.

ಅದೇ ಕಂಪನಿ, ಅದೇ ಎಂಜಿನ್ ಕುಟುಂಬ, ಅಕ್ಕಪಕ್ಕದ ವರ್ಷ. ಈ ಮೂರೂ ಹೊಂದಿದರೆ ಕೆಲಸ ಹಗುರ. ಇದನ್ನು ದಾಟಿದರೆ ಲೇತ್ ಮೆಷಿನ್ ಇರುವವರ ಸ್ನೇಹ ಬೇಕು.

ಡಬ್ಬ ಕೂತಿತು. ಇನ್ನೇನು ಬದಲಾಯಿಸಬೇಕು?

ಓವರ್‌ಡ್ರೈವ್ ಡಬ್ಬ ಉದ್ದ ಅಂದೆನಲ್ಲ. ಹಾಗಾಗಿ ಪ್ರೊಪೆಲ್ಲರ್ ಶಾಫ್ಟ್ ಗಿಡ್ಡವಾಗಬೇಕು. ಕಡಿಸಿ ವೆಲ್ಡ್ ಮಾಡಿಸಿದರೆ ಬ್ಯಾಲೆನ್ಸ್ ಮಾಡಿಸಲೇಬೇಕು, ಇಲ್ಲದಿದ್ದರೆ ವೇಗದಲ್ಲಿ ಇಡೀ ಗಾಡಿ ನಡುಗುತ್ತದೆ. ಹಿಂದಿನ ಮೌಂಟ್ ಕೂರುವ ಜಾಗ ನೋಡಿ. ಚಾಸಿಗೆ ಎಕ್ಸ್ ಆಕಾರದ ಅಡ್ಡಪಟ್ಟಿ ಇರುವ ಕನ್ವರ್ಟಿಬಲ್‌ಗಳಲ್ಲಿ ಸೊಲೆನಾಯ್ಡಿಗೆ ಜಾಗ ಸಾಲದೆ ಹೋಗಬಹುದು. ಸ್ಪೀಡೋಮೀಟರಿನ ಪುಟ್ಟ ಗೇರ್ ಹಿಂದಿನ ಆಕ್ಸಲ್‌ಗೂ ಟಯರಿಗೂ ಹೊಂದಬೇಕು. ಇಲ್ಲದಿದ್ದರೆ ಮುಳ್ಳು ಸುಳ್ಳು ಹೇಳುತ್ತದೆ.

ಹಿಂದಿನ ಆಕ್ಸಲ್ ಅನುಪಾತ ಯಾಕೆ ಮುಖ್ಯ?

ಕಾರ್ಖಾನೆಯವರು ಓವರ್‌ಡ್ರೈವ್ ಕೊಟ್ಟಾಗ ಸುಮ್ನೆ ಡಬ್ಬ ಮಾತ್ರ ಕೊಡುತ್ತಿರಲಿಲ್ಲ. ಹಿಂದಿನ ಆಕ್ಸಲನ್ನೂ ಬದಲಿಸುತ್ತಿದ್ದರು. 1955ರ ಷೆವ್ರೊಲೆಯಲ್ಲಿ ಸಾದಾ ಮೂರು ಗೇರಿನ ಕಾರಿಗೆ 3.70 (ಚಕ್ರದ ಒಂದು ಸುತ್ತಿಗೆ ಪ್ರೊಪೆಲ್ಲರ್ ಶಾಫ್ಟ್ 3.70 ಸುತ್ತು), ಓವರ್‌ಡ್ರೈವ್ ಇದ್ದರೆ 4.11. ಕೆಳಗಿನ ಗೇರುಗಳಲ್ಲಿ ಎಳೆತ ಜಾಸ್ತಿ ಸಿಗಲಿ, ಹೆದ್ದಾರಿಯಲ್ಲಿ ಓವರ್‌ಡ್ರೈವ್ ನೋಡಿಕೊಳ್ಳಲಿ ಅನ್ನುವ ಲೆಕ್ಕ.

ಸಂಖ್ಯೆ ಹಾಕಿ ನೋಡೋಣ. 27 ಇಂಚು ಎತ್ತರದ ಟಯರ್ ಒಂದು ಮೈಲಿಗೆ ಸುಮಾರು 747 ಸುತ್ತು ಹೊಡೆಯುತ್ತದೆ. ಗಂಟೆಗೆ 60 ಮೈಲಿ, ಅಂದರೆ ಸುಮಾರು 97 ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ ಅಷ್ಟೇ ಸುತ್ತು. 4.11 ಆಕ್ಸಲ್‌ನಲ್ಲಿ ಎಂಜಿನ್ ಸುಮಾರು 3,070 ಸುತ್ತುತ್ತದೆ. ಓವರ್‌ಡ್ರೈವ್ ಹಿಡಿದಾಗ 2,150. ಇದು ಹಿತವಾದ ಜಾಗ. 3.70 ಆಕ್ಸಲನ್ನು ಹಾಗೇ ಬಿಟ್ಟರೆ 2,765 ಇದ್ದದ್ದು 1,935ಕ್ಕೆ ಇಳಿಯುತ್ತದೆ. ಸಮತಟ್ಟಿನಲ್ಲಿ ಚೆನ್ನ. ಸ್ವಲ್ಪ ಏರು ಬಂದರೂ ಸಣ್ಣ ಆರು ಸಿಲಿಂಡರ್ ಎಂಜಿನ್ ಏದುಸಿರು ಬಿಡುತ್ತದೆ.

ಆಟೊಮ್ಯಾಟಿಕ್ ಕಾರಿನಿಂದ ಬದಲಾಯಿಸುವವರು ಇದನ್ನು ಮರೆಯುತ್ತಾರೆ. ಪವರ್‌ಗ್ಲೈಡ್ ಅನ್ನುವ ಆಟೊಮ್ಯಾಟಿಕ್ ಡಬ್ಬ ಇದ್ದ ಆ ಕಾಲದ ಷೆವ್ರೊಲೆಗೆ 3.55 ಆಕ್ಸಲ್. ಅದಕ್ಕೆ ಓವರ್‌ಡ್ರೈವ್ ಹಾಕಿದರೆ ನಿಜವಾದ ಅನುಪಾತ ಸುಮಾರು 2.49. ಊರೊಳಗೆ ಓವರ್‌ಡ್ರೈವ್ ಬಳಸುವ ಅವಕಾಶವೇ ಬರುವುದಿಲ್ಲ.

ಎರಡನೇ ಗೇರಿನಲ್ಲೂ ಓವರ್‌ಡ್ರೈವ್ ಹಿಡಿಯುತ್ತದೆ ಅನ್ನುವುದನ್ನು ಬಳಸಿಕೊಳ್ಳಿ. ಎರಡನೆಯದರ ಓವರ್‌ಡ್ರೈವ್ ಮೂರನೆಯದಕ್ಕಿಂತ ತುಸು ಕೆಳಗೆ ಬರುತ್ತದೆ. ಊರಿನ ಟ್ರಾಫಿಕ್‌ನಲ್ಲಿ ಗೇರ್ ಲಿವರ್ ಮುಟ್ಟದೆ ಓಡಿಸಬಹುದು.

6 ವೋಲ್ಟಿನ ಸೊಲೆನಾಯ್ಡನ್ನು 12 ವೋಲ್ಟ್ ಕಾರಿಗೆ ಹಾಕಬಹುದಾ?

ಬೇಡ. ಷೆವ್ರೊಲೆ 1955ರಲ್ಲಿ, ಫೋರ್ಡ್ ಮತ್ತು ಸ್ಟೂಡ್‌ಬೇಕರ್ 1956ರಲ್ಲಿ 12 ವೋಲ್ಟಿಗೆ ಬಂದವು. ಅದಕ್ಕೆ ಮುಂಚಿನ ಸೊಲೆನಾಯ್ಡ್, ಅದಕ್ಕೆ ಕರೆಂಟ್ ಹರಿಸುವ ವಿದ್ಯುತ್ ಸ್ವಿಚ್ಚಾದ ರಿಲೇ, ಎರಡೂ 6 ವೋಲ್ಟಿನವು. 12 ಕೊಟ್ಟರೆ ಸುಡುತ್ತವೆ. ಉಲ್ಟಾ ಮಾಡಿದರೆ ಸುಡುವುದಿಲ್ಲ, ಆದರೆ ಪಾಲನ್ನು ತಳ್ಳುವ ಕಸುವೂ ಇರುವುದಿಲ್ಲ.

ಗವರ್ನರ್ ಮತ್ತು ಕಿಕ್‌ಡೌನ್ ಸ್ವಿಚ್ಚಿಗೆ (ಆಕ್ಸಿಲರೇಟರ್ ತಳಮುಟ್ಟ ಒತ್ತಿದಾಗ ಓವರ್‌ಡ್ರೈವ್ ಬಿಡಿಸುವ ಸ್ವಿಚ್) ಈ ಭೇದ ಇಲ್ಲ. ಅವು ಬರೀ ಸ್ವಿಚ್ಚುಗಳು. ಹಾಗಾಗಿ 12 ವೋಲ್ಟಿಗೆ ಬದಲಾಯಿಸುವಾಗ ಸೊಲೆನಾಯ್ಡ್ ಮತ್ತು ರಿಲೇ ಮಾತ್ರ ಹುಡುಕಿ. ಸೊಲೆನಾಯ್ಡ್ ಕೂರುವ ಜಾಗ ಬೇರೆ ಬೇರೆ ಕಂಪನಿಗಳಲ್ಲೂ ಬಹಳ ಮಟ್ಟಿಗೆ ಒಂದೇ. ಈ ವಿಷಯದಲ್ಲಿ ಅದಲುಬದಲು ಸುಲಭ. ಅದರ ಎರಡು ಕಂಬಿಗಳಿಗೆ 4 ಮತ್ತು 6 ಅಂತ ಅಂಕಿ ಇರುತ್ತದೆ. 4ಕ್ಕೆ ರಿಲೇಯಿಂದ ಕರೆಂಟ್, 6ರಿಂದ ಕಿಕ್‌ಡೌನ್ ಕಡೆಗೆ ವೈರ್. ಇಲ್ಲಿ 6 ಅಂದರೆ ವೋಲ್ಟ್ ಅಲ್ಲ.

ತೆಗೆಯುವಾಗ ಎರಡು ಬೋಲ್ಟ್ ಬಿಚ್ಚಿ ನೇರವಾಗಿ ಎಳೆಯಬೇಡಿ. ಒಳಗಿನ ದಂಡದ ತುದಿ ಪಾಲಿಗೆ ಸಿಕ್ಕಿಕೊಂಡಿರುತ್ತದೆ. ಕಾಲು ಸುತ್ತು ತಿರುಗಿಸಿದರೆ ಕಳಚಿ ಬರುತ್ತದೆ. ಹಾಕುವಾಗಲೂ ಹಾಗೇ ಸಿಕ್ಕಿಸಬೇಕು. ಸಿಕ್ಕಿಸದೆ ಬೋಲ್ಟ್ ಬಿಗಿದರೆ ಪಾಲ್ ಒಳಗೆ ಹೋದೀತು, ಹೊರಗೆ ಬರುವುದಿಲ್ಲ.

ಓವರ್‌ಡ್ರೈವ್ ಹಿಡಿಯುತ್ತಿಲ್ಲ. ಡಬ್ಬ ಇಳಿಸಬೇಕಾ?

ತಡೆಯಿರಿ. ಸಾಮಾನ್ಯವಾಗಿ ಕೆಟ್ಟಿರುವುದು ವೈರಿಂಗ್, ಡಬ್ಬ ಅಲ್ಲ. ಮೊದಲು ಹತ್ತು ನಿಮಿಷದ ಈ ಪರೀಕ್ಷೆ ಮಾಡಿ.

ಎಂಜಿನ್ ಆಫ್, ಇಗ್ನಿಷನ್ ಆನ್, ಡ್ಯಾಶಿನ ಹಿಡಿ ಒಳಗೆ. ಗವರ್ನರ್ ವೈರನ್ನು ಬಿಚ್ಚಿ ಅದರ ತುದಿಯನ್ನು ಚಾಸಿಗೆ ಮುಟ್ಟಿಸಿ. ಗವರ್ನರ್ ಮಾಡುವುದೂ ಇಷ್ಟೇ, ಗಾಡಿ ಗಂಟೆಗೆ 30 ಮೈಲಿಯ ಆಸುಪಾಸಿಗೆ ಬಂದಾಗ ರಿಲೇಯನ್ನು ಅರ್ಥ್ ಮಾಡುವುದು, ಅಂದರೆ ಅದರ ವೈರನ್ನು ಚಾಸಿಗೆ ಸೇರಿಸುವುದು. ಮುಟ್ಟಿಸಿದ ಕೂಡಲೇ ಎಂಜಿನ್ ಕಡೆಯಿಂದ ರಿಲೇಯ 'ಟಿಕ್', ಅದರ ಬೆನ್ನಿಗೇ ಕೆಳಗಿನಿಂದ ಸೊಲೆನಾಯ್ಡಿನ 'ಢಗ್' ಕೇಳಬೇಕು. ವೈರ್ ತೆಗೆದಾಗ ಮತ್ತೊಮ್ಮೆ 'ಢಗ್'.

ಎರಡೂ ಕೇಳಿದರೆ ವೈರಿಂಗ್ ಸರಿ, ತಪ್ಪು ಗವರ್ನರಿನದ್ದಿರಬೇಕು, ಅಥವಾ ಒಳಗಿನದ್ದು. ಟಿಕ್ ಇದೆ, ಢಗ್ ಇಲ್ಲ ಅಂದರೆ ಸೊಲೆನಾಯ್ಡ್ ಅಥವಾ ಅದರ ವೈರ್. ಟಿಕ್ಕೂ ಇಲ್ಲ ಅಂದರೆ ಫ್ಯೂಸ್, ರಿಲೇ, ಕಿಕ್‌ಡೌನ್ ಸ್ವಿಚ್ ನೋಡಿ. ಹಳೆ ಬಟ್ಟೆ ಸುತ್ತಿದ ವೈರಾದರೆ ಬೇರೆ ಏನೂ ಹುಡುಕುವ ಮೊದಲು ಅದನ್ನು ಬದಲಿಸಿ.

ಸೊಲೆನಾಯ್ಡ್ ಒಳಗೆ ಎರಡು ಸುರುಳಿ ಇವೆ. ಒಂದು ಜೋರಾಗಿ ಎಳೆಯಲು, ಇನ್ನೊಂದು ಹಿಡಿದಿಡಲು. ಎಳೆದು ಮುಗಿದ ಮೇಲೆ ಒಳಗಿನ ಕಾಂಟ್ಯಾಕ್ಟ್ ಬಿಟ್ಟುಕೊಂಡು ಮೊದಲನೆಯದು ಆಫ್ ಆಗಬೇಕು. ಆ ಕಾಂಟ್ಯಾಕ್ಟ್ ಅಂಟಿಕೊಂಡರೆ ಸೊಲೆನಾಯ್ಡ್ ಕಾದು ಸುಡುತ್ತದೆ. ಮುಟ್ಟಲಾಗದಷ್ಟು ಬಿಸಿ, ಸುಟ್ಟ ವಾರ್ನಿಷ್ ವಾಸನೆ ಬಂದರೆ ಫ್ಯೂಸ್ ಕಿತ್ತುಬಿಡಿ.

ಎಲ್ಲ ಸರಿ ಇದ್ದೂ ಹಿಡಿಯದಿದ್ದರೆ ಓಡಿಸುವ ರೀತಿ ನೋಡಿ. ವೇಗ ಬಂದ ಮೇಲೆ ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು. ತೆಗೆಯದಿದ್ದರೆ ಬಾಕ್ ರಿಂಗ್ ಪಾಲನ್ನು ಒಳಗೆ ಬಿಡುವುದೇ ಇಲ್ಲ. ಓವರ್‌ಡ್ರೈವ್ ಕೆಟ್ಟಿದೆ ಅಂತ ದೂರಿದ ಕೆಲವರಿಗೆ ಇದಿಷ್ಟೇ ಗೊತ್ತಿರುವುದಿಲ್ಲ.

ಕಿಕ್‌ಡೌನ್ ಮಾಡಿದಾಗ ಎಂಜಿನ್ ಒಂದು ಕ್ಷಣ ತೊದಲುತ್ತದೆ. ಇದು ದೋಷವಾ?

ಅಲ್ಲ, ಅದು ಹಾಗೇ ಇರಬೇಕು. ಪೆಡಲನ್ನು ತಳಮುಟ್ಟ ಒತ್ತಿದಾಗ ಸ್ವಿಚ್ ಸೊಲೆನಾಯ್ಡಿನ ಕರೆಂಟ್ ಕಡಿಯುತ್ತದೆ. ಆದರೆ ಎಂಜಿನ್ ಎಳೆಯುತ್ತಿರುವಾಗ ಪಾಲ್ ಹೊರಗೆ ಬರುವುದಿಲ್ಲ, ಒತ್ತಡಕ್ಕೆ ಸಿಕ್ಕಿಕೊಂಡಿರುತ್ತದೆ. ಅದಕ್ಕೇ ಅದೇ ಗಳಿಗೆಯಲ್ಲಿ ಇಗ್ನಿಷನ್ನನ್ನು ಅರ್ಥ್ ಮಾಡಿ ಎಂಜಿನ್ನಿನ ಎಳೆತ ತಪ್ಪಿಸುತ್ತಾರೆ. ಪಾಲ್ ಕಳಚಿದ ಕೂಡಲೇ ಇಗ್ನಿಷನ್ ಮರಳಿ ಬರುತ್ತದೆ. ಆ ಕಾಲಕ್ಕೆ ಇದು ಜಾಣ ಉಪಾಯ.

ಎಂಜಿನ್ ತೊದಲಿ ಪೂರ್ತಿ ನಿಂತೇ ಹೋದರೆ ಸೊಲೆನಾಯ್ಡಿನ ಅರ್ಥ್ ಕಾಂಟ್ಯಾಕ್ಟ್ ಬಿಡುತ್ತಿಲ್ಲ ಅಂತ ಅರ್ಥ. ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿದವರು ಈ ಅರ್ಥ್ ವೈರನ್ನು ಜೋಡಿಸುವ ಮೊದಲು ಆ ಇಗ್ನಿಷನ್ ತಯಾರಿಸಿದವರನ್ನೇ ಕೇಳಿ. ವೈರ್ ಬಿಟ್ಟುಬಿಟ್ಟರೂ ಓಡಿಸಬಹುದು. ಕಿಕ್‌ಡೌನ್ ಬೇಕಾದಾಗ ಒಂದು ಕ್ಷಣ ಕಾಲು ತೆಗೆದು ಒತ್ತಿದರೆ ಪಾಲ್ ಕಳಚುತ್ತದೆ.

ಗವರ್ನರ್ ತೆಗೆದು ಟಾಗಲ್ ಸ್ವಿಚ್ ಹಾಕಿದರೆ?

ಬಹಳ ಜನ ಹಾಕುತ್ತಾರೆ. ನನಗೆ ಇಷ್ಟವಿಲ್ಲ. ಗವರ್ನರ್ ಇದ್ದರೆ ಗಾಡಿ ನಿಧಾನವಾದಾಗ ಓವರ್‌ಡ್ರೈವ್ ತಾನೇ ಬಿಡುತ್ತದೆ. ಟಾಗಲ್ ಹಾಕಿದವರು ಒಂದು ದಿನ ಆಫ್ ಮಾಡಲು ಮರೆತು ರಿವರ್ಸ್ ಹಾಕುತ್ತಾರೆ. ಪಾಲ್ ಸನ್ ಗೇರನ್ನು ಹಿಡಿದಿರುವಾಗ ರಿವರ್ಸ್ ಹೋದರೆ ಒಳಗೆ ಎಲ್ಲ ಒಂದಕ್ಕೊಂದು ಸಿಕ್ಕಿಕೊಂಡು ಏನಾದರೂ ಮುರಿಯುತ್ತದೆ. ಹಾಕಲೇಬೇಕು ಅಂದರೆ ಕಾಣುವ ಹಾಗೆ ಒಂದು ಕೆಂಪು ದೀಪವನ್ನಾದರೂ ಜೋಡಿಸಿ.

ಹಿಡಿ ಒಳಗಿದ್ದಾಗ ಗಾಡಿ ಇಳಿಜಾರಿನಲ್ಲಿ ಜಾರುತ್ತದೆ. ಯಾಕೆ?

ಫ್ರೀವೀಲ್. ಹಿಡಿ ಒಳಗಿದ್ದು ಓವರ್‌ಡ್ರೈವ್ ಇನ್ನೂ ಹಿಡಿಯದ ವೇಗದಲ್ಲಿ ಎಂಜಿನ್ ಬ್ರೇಕಿಂಗ್ ಸಿಗುವುದಿಲ್ಲ. ಘಾಟಿ ಇಳಿಯುವ ಮೊದಲು ಗಾಡಿ ನಿಲ್ಲಿಸಿ ಹಿಡಿ ಹೊರಗೆ ಎಳೆಯಿರಿ. ಹಳೆ ಡ್ರಮ್ ಬ್ರೇಕನ್ನೇ ನಂಬಿ ಇಳಿಯುವುದು ಹುಚ್ಚುತನ.

ಗೇರ್‌ನಲ್ಲಿ ಬಿಟ್ಟು ಪಾರ್ಕ್ ಮಾಡಿದರೂ ಗಾಡಿ ಮುಂದಕ್ಕೆ ಉರುಳುತ್ತದೆ. ಹ್ಯಾಂಡ್‌ಬ್ರೇಕ್ ಹಾಕಲೇಬೇಕು. ತಳ್ಳಿ ಸ್ಟಾರ್ಟ್ ಮಾಡುವಾಗಲೂ ಹಿಡಿ ಹೊರಗಿರಬೇಕು. ಇಲ್ಲದಿದ್ದರೆ ಎಷ್ಟು ಜನ ತಳ್ಳಿದರೂ ಎಂಜಿನ್ ತಿರುಗುವುದಿಲ್ಲ, ತಳ್ಳಿದವರಿಗೆ ಕಾಫಿ ಕೊಡಿಸಿದ್ದಷ್ಟೇ ಲಾಭ.

ಯಾವ ಎಣ್ಣೆ?

ಸಾದಾ ಖನಿಜ ಗೇರ್ ಎಣ್ಣೆ, ಜಿಎಲ್-1 ಅಂತ ಬರೆದಿರುತ್ತದೆ, 80 ಅಥವಾ 90 ದಪ್ಪದ್ದು. ಡಿಫರೆನ್ಷಿಯಲ್‌ಗೆ ಹಾಕುವ ಜಿಎಲ್-5 ಬೇಡ. ಅದು ಹಿತ್ತಾಳೆ ಸಿಂಕ್ರೊ ರಿಂಗಿಗೆ ಒಳ್ಳೆಯದಲ್ಲ. ಗೇರ್‌ಬಾಕ್ಸಿಗೂ ಓವರ್‌ಡ್ರೈವ್‌ಗೂ ಬೇರೆ ಬೇರೆ ಪ್ಲಗ್ ಇವೆ. ಎರಡರಲ್ಲೂ ಮಟ್ಟ ನೋಡಿ, ಎರಡರಿಂದಲೂ ಇಳಿಸಿ. ಮುಂದಿನದನ್ನು ಮಾತ್ರ ತುಂಬಿ ಹಿಂದಿನದನ್ನು ಒಣಗಲು ಬಿಟ್ಟ ಗಾಡಿಗಳು ಬೇಕಾದಷ್ಟು.

1949ಕ್ಕಿಂತ ಹಳೆಯ ಫೋರ್ಡಿಗೆ ದಾರಿ ಇಲ್ವಾ?

ಫೋರ್ಡ್ ಕಾರಿಗೆ ಬೋರ್ಗ್-ವಾರ್ನರ್ ಓವರ್‌ಡ್ರೈವ್ ಬಂದದ್ದು 1949ರ ಮಾದರಿಯಿಂದ. ಅದಕ್ಕೆ ಮುಂಚಿನವು ಟಾರ್ಕ್ ಟ್ಯೂಬ್ ಕಾರುಗಳು. ಆ ಕಾಲದವರು ಹಾಕಿಸುತ್ತಿದ್ದದ್ದು ಕೊಲಂಬಿಯಾ ಎರಡು ವೇಗದ ಆಕ್ಸಲ್. ಅದು ಗೇರ್‌ಬಾಕ್ಸಿನಲ್ಲಿ ಅಲ್ಲ, ಹಿಂದಿನ ಆಕ್ಸಲ್‌ನಲ್ಲೇ ಕೂರುತ್ತದೆ, ಎಂಜಿನ್ನಿನ ವ್ಯಾಕ್ಯೂಮಿನಿಂದ ಕೆಲಸ ಮಾಡುತ್ತದೆ. ಸಿಕ್ಕುವುದು ಅಪರೂಪ, ಬೆಲೆಯೂ ಹಾಗೇ.

1970ರ ದಶಕದ ಕಾರಿನ ನಾಲ್ಕು ಗೇರಿನ ಓವರ್‌ಡ್ರೈವ್ ಇದೇನಾ?

ಅದು ಬೇರೆ ಜಾತಿ. ಪೆಟ್ರೋಲ್ ಬೆಲೆ ಏರಿದ ಮೇಲೆ ಕ್ರೈಸ್ಲರ್ ತನ್ನ ಎ-833 ನಾಲ್ಕು ಗೇರಿನ ಡಬ್ಬದಲ್ಲಿ ಮೇಲಿನ ಗೇರನ್ನೇ 0.73 ಮಾಡಿತು. 1976ರ ಪ್ಲಿಮತ್ ಫೆದರ್ ಡಸ್ಟರ್‌ನಲ್ಲಿ ಅದಿತ್ತು. ಅಲ್ಲಿ ಸೊಲೆನಾಯ್ಡೂ ಇಲ್ಲ, ಫ್ರೀವೀಲೂ ಇಲ್ಲ. ಹೊರಗಿನ ಗುರುತು ಅಂದರೆ ಮೂರು-ನಾಲ್ಕನೇ ಗೇರಿನ ಲಿವರ್ ಮಾಮೂಲಿಗಿಂತ ತಲೆಕೆಳಗಾಗಿ, ಮೇಲ್ಮುಖವಾಗಿ ನಿಂತಿರುತ್ತದೆ. ಓಡಿಸುವುದಷ್ಟೇ ಗುರಿ, ಕಾರ್ಖಾನೆಯಿಂದ ಬಂದ ಹಾಗೇ ಇರಬೇಕೆಂಬ ಹಟ ಇಲ್ಲ ಅನ್ನುವವರಿಗೆ 1980ರ ದಶಕದ ಬೋರ್ಗ್-ವಾರ್ನರ್ ಟಿ-5 ಐದು ಗೇರಿನ ಡಬ್ಬವೂ ಒಳ್ಳೆಯ ದಾರಿ. ನನಗಂತೂ ಡ್ಯಾಶಿನ ಕೆಳಗಿನ ಹಿಡಿ ಇಲ್ಲದ ಓವರ್‌ಡ್ರೈವ್ ಸಪ್ಪೆ ಅನ್ನಿಸುತ್ತದೆ.

ಭಾರತದಲ್ಲಿ ಇರುವ ಹಳೆ ಅಮೆರಿಕನ್ ಕಾರುಗಳ ಕಥೆ ಏನು?

ಹಿಂದೂಸ್ತಾನ್ ಮೋಟಾರ್ಸ್ ಇಲ್ಲಿ ಸ್ಟೂಡ್‌ಬೇಕರ್ ಜೋಡಿಸುತ್ತಿತ್ತು. ಮುಂಬಯಿಯ ಪ್ರೀಮಿಯರ್ ಆಟೊಮೊಬೈಲ್ಸ್ ಡಾಡ್ಜ್, ಡಿಸೋಟೊ, ಪ್ಲಿಮತ್ ಜೋಡಿಸುತ್ತಿತ್ತು. ಅವುಗಳಲ್ಲಿ ಎಷ್ಟೋ ಗಾಡಿಗಳಿಗೆ ಮುಂದೆ ಡೀಸೆಲ್ ಎಂಜಿನ್ ಹಾಕಿ ಟ್ಯಾಕ್ಸಿ ಓಡಿಸಿದರು. ಎಂಜಿನ್ ಬದಲಾದಾಗ ಗೇರ್‌ಬಾಕ್ಸೂ ಬದಲಾಯಿತು. ಹಾಗಾಗಿ ಇಲ್ಲಿ ಗಾಡಿ ಕೊಳ್ಳುವವರು ಪುಸ್ತಕದಲ್ಲಿ ಏನಿದೆ ಅನ್ನುವುದಕ್ಕಿಂತ ಕೆಳಗೆ ಏನು ನೇತಾಡುತ್ತಿದೆ ಅನ್ನುವುದನ್ನು ನೋಡಬೇಕು. ಬಿಡಿಭಾಗವನ್ನು ಅಮೆರಿಕದಿಂದಲೇ ತರಿಸಬೇಕಾಗುತ್ತದೆ. ಅಲ್ಲಿ ಮಗನೋ ಮಗಳೋ ಇದ್ದರೆ ಬರುವಾಗ ಸೊಲೆನಾಯ್ಡನ್ನು ಬ್ಯಾಗಿನಲ್ಲಿ ತರಲು ಹೇಳಬಹುದು. ಇಡೀ ಡಬ್ಬ ತರಲು ಹೇಳಿದರೆ ಮನೆಯಲ್ಲಿ ಜಗಳ.

ಮಾರುವವರಿಗೆ ಫೋನಿನಲ್ಲಿ ಏನೇನು ಕೇಳಬೇಕು?

ಯಾವ ಕಾರಿನಿಂದ, ಯಾವ ವರ್ಷದ, ಯಾವ ಎಂಜಿನ್ನಿನ ಹಿಂದಿನಿಂದ ಬಿಚ್ಚಿದ್ದು? ತಗಡಿನ ಚೀಟಿ ಇದೆಯಾ, ಇದ್ದರೆ ಫೋಟೊ ಕಳಿಸಿ ಅನ್ನಿ. ಸೊಲೆನಾಯ್ಡ್, ಗವರ್ನರ್, ರಿಲೇ, ಕಿಕ್‌ಡೌನ್ ಸ್ವಿಚ್, ಹಿಡಿ ಸಮೇತ ಕೇಬಲ್, ವೈರಿಂಗ್ ಇವಿಷ್ಟೂ ಜೊತೆಗೆ ಬರುತ್ತವಾ? ಇವನ್ನು ಒಂದೊಂದಾಗಿ ಹುಡುಕಿ ಕೊಂಡರೆ ಖರ್ಚು ಡಬ್ಬದ ಬೆಲೆಗೆ ಹತ್ತಿರ ಬರುತ್ತದೆ. ಪ್ರೊಪೆಲ್ಲರ್ ಶಾಫ್ಟ್ ಇದ್ದರೆ ಅದನ್ನೂ ಕೇಳಿ. ಬಿಚ್ಚಿದ ಮೇಲೆ ಡಬ್ಬ ಎಲ್ಲಿ ಇತ್ತು ಅನ್ನುವುದು ಮುಖ್ಯ. ಗುಜರಿ ಅಂಗಡಿಯ ಬಯಲಿನಲ್ಲಿ ಮಳೆಗೆ ನೆನೆದಿದ್ದರೆ ಫ್ರೀವೀಲಿನ ರೋಲರ್‌ಗಳು ತುಕ್ಕು ಹಿಡಿದಿರುತ್ತವೆ. ಸೊಲೆನಾಯ್ಡ್ ಬಿಚ್ಚಿಟ್ಟು ಆ ತೂತನ್ನು ಹಾಗೇ ತೆರೆದಿಟ್ಟಿದ್ದರಂತೂ ಒಳಗೆ ನೀರು ಖಂಡಿತ. ಅಂಥದ್ದಕ್ಕೆ ಬಿಡಿಭಾಗದ ಬೆಲೆಗಿಂತ ಒಂದು ಪೈಸೆಯನ್ನೂ ಜಾಸ್ತಿ ಕೊಡಬೇಡಿ.